ಕಟ್ಟಾಳಿನ ಸರದಿ

ಜೂನ್ 15, 2025, ಭಾನುವಾರ

ಬೆಳಿಗ್ಗೆಯಿಂದ ಸಂಜೆಯವರೆಗೆ ಉತ್ತರಹಳ್ಳಿಯ ದೀಪಕ್ ಮನೆಯ ಮಹಡಿಯಲ್ಲಿ ಕೂತು ನಾನು ಮಾಡಿದ ಘನಕಾರ್ಯ ಇಷ್ಟು: ಒಂದು ಬಾಗಿಲಿಗೆ ಕಾಲಿನಿಂದ ಒದ್ದೆ. ಅದೂ ಬೀಗ ಹಾಕಿರದ ಬಾಗಿಲು.

ಯಾರ ಮುಂದಾದರೂ ಹೇಳಿಕೊಂಡರೆ ನಗುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ದೀಪಕ್ ಎರಡು ವರ್ಷದಿಂದ ಒಂದು ಆಟ ಕಟ್ಟುತ್ತಿದ್ದಾನೆ. ಹೆಸರು 'ಗವಿಸೀಮೆ'. ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು. ಅವನು ಕಥೆ ನಡೆಸುತ್ತಾನೆ, ರಾಕ್ಷಸರನ್ನು ಛೂ ಬಿಡುತ್ತಾನೆ. ನಾವು ಮೂವರು ಒಂದೊಂದು ಪಾತ್ರವಾಗಿ ಗವಿಯೊಳಗೆ ನುಗ್ಗುತ್ತೇವೆ. ಬಿಂದುಶ್ರೀ ಬೇಹುಗಾರ್ತಿ. ನಚಿಕೇತ ಮಂತ್ರವಾದಿ. ನಾನು ಕಟ್ಟಾಳು. ನನ್ನ ಹತ್ತಿರ ಒಂದು ಕತ್ತಿ, ಒಂದು ಗುರಾಣಿ, ಮೈಯಲ್ಲಿ ಕಸುವು. ಮಂತ್ರ ಗಿಂತ್ರ ಏನೂ ಇಲ್ಲ. ಆಟದ ಪುಸ್ತಕದಲ್ಲಿ ಕಟ್ಟಾಳಿನ ಪುಟಗಳನ್ನು ಬರೆದವಳೂ ನಾನೇ.

ಕಾಗದದ ಮೇಲೆ ಎಲ್ಲವೂ ಸಮ. ಮಂತ್ರವಾದಿಗೆ ದಿನಕ್ಕೆ ಆರು ಮಂತ್ರ. ಹೇಳಿದರೆ ಮುಗಿಯಿತು, ರಾತ್ರಿ ಮಲಗಿ ಎದ್ದರೆ ಮಾತ್ರ ಮತ್ತೆ ಬರುತ್ತವೆ. ಕಟ್ಟಾಳಿನ ಏಟು ಅಷ್ಟು ದೊಡ್ಡದಲ್ಲ, ಆದರೆ ಎಷ್ಟು ಸಲ ಬೇಕಾದರೂ ಹೊಡೆಯಬಹುದು. ನನ್ನ ಪುಟದ ಮೊದಲ ಸಾಲೇ ಅದು: 'ಕಟ್ಟಾಳಿಗೆ ಸುಸ್ತು ಎಂಬುದಿಲ್ಲ.' ಅದನ್ನು ಬರೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಇನ್ನು ಇವತ್ತು ನಡೆದದ್ದು. ಮೊದಲ ಬಾಗಿಲಲ್ಲಿ ಬಂಡೆರಕ್ಕಸ ನಿಂತಿದ್ದ. ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಾನು. ನನ್ನ ಸರದಿ ಬರುವ ಮುಂಚೆಯೇ ನಚಿಕೇತ ಕನ್ನಡಕ ಮೇಲೇರಿಸಿ, "ಅಗ್ನಿಗೋಳ" ಎಂದ. ರಕ್ಕಸ ಬೂದಿ. ಊಟವಾಯಿತು, ಬೆಳಗಾಯಿತು, ಎರಡನೇ ಬಾಗಿಲು. ಅಲ್ಲಿ ಹಾವಿನ ಹಿಂಡು. ನಾನು ದಾಳ ಎತ್ತಿದೆ. "ನಿದ್ರಾಬಂಧ" ಎಂದ. ಹಾವುಗಳೆಲ್ಲ ಗೊರಕೆ. ದಾಳ ನನ್ನ ಕೈಯಲ್ಲೇ ಬೆವೆತುಹೋಯಿತು.

"ಸಾರಿ ಇಂಚರ, ನಿಂಗೂ ಏನಾದ್ರೂ ಬಿಡ್ಬೇಕಿತ್ತು," ಎಂದ ಮಹಾನುಭಾವ. ಬಿಡುವುದಂತೆ! ತಟ್ಟೆಯಲ್ಲಿ ಬೋಂಡ ಉಳಿಸುವ ಹಾಗೆ.

ದೀಪಕ್‌ನ ಅಮ್ಮ ನಾರಾಯಣಮ್ಮ ಇವತ್ತು ಕೋಳಿಸಾರು ಮಾಡಿದ್ದರು. ನಚಿಕೇತ ಕೋಳಿ ಮುಟ್ಟುವುದಿಲ್ಲವಾದ್ದರಿಂದ ಅವನಿಗೆ ಬೇರೆ ಒಲೆಯಲ್ಲಿ ಬಸ್ಸಾರು. ಆ ಕೋಪಕ್ಕೇ ನಾನು ಎರಡು ಮುದ್ದೆ ನುಂಗಿದೆ.

ಜೂನ್ 18, ಬುಧವಾರ

ಅಪ್ಪ ಇಂಚರ ಎಂದು ಹೆಸರಿಟ್ಟರು. ಬಾಯಿಗೆ ಸಿಕ್ಕಿದ್ದು ಸೀಟಿ. ಜಯನಗರದ ಈ ಶಾಲೆಯಲ್ಲಿ ನಾನು ಪಿಟಿ ಮೇಡಂ. ಆಟದ ಪೀರಿಯಡ್ ನನ್ನದೆಂದು ವೇಳಾಪಟ್ಟಿಯಲ್ಲಿ ಬರೆದಿದೆ. ಬರೆದಿರುವುದಷ್ಟೇ.

ಇವತ್ತು ಒಂಬತ್ತನೇ ಕ್ಲಾಸಿನ ಹುಡುಗಿಯರು ಖೋಖೋಗೆಂದು ಶೂ ಲೇಸು ಕಟ್ಟಿಕೊಂಡು ನಿಂತಿದ್ದರು. ಗಣಿತದ ಸುಮೇಧ ಮೇಡಂ ಬಂದರು. "ಇಂಚರ ಮೇಡಂ, ಇದೊಂದು ಪೀರಿಯಡ್ ಕೊಡಿ, ಪೋರ್ಷನ್ ಮುಗಿಸ್ಬೇಕು. ನಿಮ್ದೇನು, ಆಟ ತಾನೆ?"

"ಆಯ್ತು ಮೇಡಂ," ಎಂದೆ. ನಗುತ್ತಾ ಎಂದೆ! ಹುಡುಗಿಯರು ಲೇಸು ಬಿಚ್ಚಿಕೊಂಡು ಒಳಗೆ ಹೋದರು. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಒಬ್ಬಳೇ ಫುಟ್‌ಬಾಲಿಗೆ ಗಾಳಿ ತುಂಬಿದೆ. ಸಿಟ್ಟಿನಲ್ಲಿ ಎಷ್ಟು ತುಂಬಿದೆನೋ, ಒಂದು ಒಡೆದೇ ಹೋಯಿತು.

ಆಟ ತಾನೆ!

ಜೂನ್ 29, ಭಾನುವಾರ

ಕಟ್ಟಾಳನ್ನು ಪುಸ್ತಕದಿಂದ ತೆಗೆಯುತ್ತಾರಂತೆ.

ಸಂಜೆ ಟೀ ಕುಡಿಯುತ್ತಾ ದೀಪಕ್ ಹೇಳಿದ. ಗಣೇಶನ ಹಬ್ಬದ ಹೊತ್ತಿಗೆ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಹೊರಗಿನ ಗುಂಪುಗಳಿಗೂ ಆಡಲು ಕೊಟ್ಟಿದ್ದನಂತೆ, ಕೊಡುವ ಮೊದಲು ನಾವು ಆಡುವ ಪದ್ಧತಿಯನ್ನೆಲ್ಲ ಅವರಿಗೆ ಹೇಳಿಕೊಟ್ಟಿದ್ದನಂತೆ. ಎಲ್ಲರೂ ಒಂದೇ ಮಾತು ಹೇಳಿದರಂತೆ.

"ಮಗಾ, ಯಾರೂ ಕಟ್ಟಾಳು ಆಡಕ್ಕೆ ಒಪ್ತಿಲ್ಲ. ಎಲ್ರಿಗೂ ಮಂತ್ರವಾದೀನೇ ಬೇಕು. ಆ ನಾಲ್ಕು ಪುಟ ತೆಗೆದು ಇನ್ನೊಂದಷ್ಟು ಮಂತ್ರ ಸೇರಿಸ್ತೀನಿ. ಕಟ್ಟಾಳು ಬೇಕಂದ್ರೆ ಮಂತ್ರವಾದಿ ಜೊತೆಗೊಬ್ಬ ಬಾಡಿಗಾರ್ಡ್ ಇರ್ತಾನೆ ಅಂದ್ಕೊಳ್ಳೋಣ."

ಬಾಡಿಗಾರ್ಡ್!

"ಅಥ್ವಾ ಅವ್ಳಿಗೊಂದು ಮಾಯದ ಕತ್ತಿ ಕೊಟ್ಬಿಡು," ಎಂದ ನಚಿಕೇತ. ಒಳ್ಳೆಯ ಮನಸ್ಸಿನಿಂದಲೇ ಅಂದ, ಅದೇ ನನಗೆ ಇನ್ನಷ್ಟು ಉರಿ. "ನೋಡು ಇಂಚರ, ಜಾದೂ ಅಂದ್ಮೇಲೆ ಜಾದೂನೇ ಗೆಲ್ಬೇಕಲ್ವಾ? ಬರೀ ಕೈಕಾಲಲ್ಲಿ ಎಷ್ಟಂತ ಮಾಡಕ್ಕಾಗತ್ತೆ?"

ಬರೀ ಕೈಕಾಲು. ಇಪ್ಪತ್ತನೇ ವಯಸ್ಸಿನಲ್ಲಿ ರಾಜ್ಯದ ಪರವಾಗಿ ಖೋಖೋ ಆಡಿದ್ದು ನಾನು ಈ ಬರೀ ಕೈಕಾಲಿನಲ್ಲೇ. ಇವನು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ.

"ಆಗಸ್ಟ್‌ವರೆಗೂ ಟೈಮ್ ಕೊಡು. ಮಾಯದ ಕತ್ತಿ ಇಲ್ದೇನೇ ಸಮ ಮಾಡಿ ತೋರಿಸ್ತೀನಿ," ಎಂದೆ. ದೀಪಕ್ ಒಪ್ಪಿದ. ಪಾಪ ಎನ್ನುವ ಮುಖ ಮಾಡಿಕೊಂಡು ಒಪ್ಪಿದ.

ನಾಲ್ಕು ಪುಟ ಹೋದರೆ ಹೋಗಲಿ ಎಂದು ಬಿಡಬಹುದು. ಬಿಡಲಾರೆ. ಶಾಲೆಯಲ್ಲಿ ನನ್ನ ಪೀರಿಯಡ್ ಇಲ್ಲ, ಇಲ್ಲಾದರೂ ನನ್ನ ಪುಟ ಇರಲಿ.

ಜುಲೈ 6, ಭಾನುವಾರ

ಕಟ್ಟಾಳಿನ ಏಟನ್ನು ಎರಡು ಪಟ್ಟು ಮಾಡಿದೆ. ಒಂದೇ ಏಟಿಗೆ ಒಬ್ಬ ಗವಿಕಾವಲುಗಾರ ಬಿದ್ದ. ನಾನು ಕುರ್ಚಿಯಿಂದ ಎದ್ದು ಕುಣಿದೆ. ಉಳಿದ ಹನ್ನೊಂದು ಮಂದಿಯನ್ನು ನಚಿಕೇತ ಒಂದೇ ಮಿಂಚಿನಲ್ಲಿ ಮುಗಿಸಿದ. ಕುಣಿದದ್ದಕ್ಕೆ ನಾಚಿಕೆಯಾಯಿತು.

ಕಾಫಿ ಉಪ್ಪಿಟ್ಟಿಗೆ ಒಂದು ಸಲ, ಊಟಕ್ಕೆ ಒಂದು ಸಲ, ಟೀಗೆ ಒಂದು ಸಲ ಕೆಳಗಿಳಿದು ಹತ್ತಬೇಕು. ಕೂಗಿದ ತಕ್ಷಣ ಇಳಿಯದಿದ್ದರೆ ನಾರಾಯಣಮ್ಮ ಬಿಡುವುದಿಲ್ಲ, "ಏಳ್ರಪ್ಪೋ, ಮುದ್ದೆ ಆರೋಯ್ತದೆ!" ಇಂದು ಅವರು ನನಗೆ ಸಾರು ಬಡಿಸಿದ್ದು ಎಡಗೈಯಲ್ಲಿ. ಊಟ ಬಡಿಸುವಾಗ ಎಡಗೈಯೇ! ನನ್ನ ಗ್ರಹಚಾರಕ್ಕೆ ಅದೂ ಸರಿಹೋಯಿತು.

ಜುಲೈ 13, ಭಾನುವಾರ

ಮಂತ್ರಗಳ ಬಲ ಅರ್ಧ ಮಾಡಿಸಿದೆ. ನಚಿಕೇತ ಒಂದರ ಬದಲು ಎರಡು ಹೇಳಿದ. ಅಷ್ಟೇ ವ್ಯತ್ಯಾಸ.

ಇದಕ್ಕಿಂತ ಹೆಚ್ಚು ಬರೆದರೆ ಪೆನ್ನು ಮುರಿಯುತ್ತದೆ.

ಜುಲೈ 17, ಗುರುವಾರ

ಒಂದು ವಿಚಿತ್ರ.

ಬಿಂದುಶ್ರೀ ಮನೆ ಗಿರಿನಗರದಲ್ಲಿ. ಸ್ಕೂಲ್ ಮುಗಿಸಿಕೊಂಡು ಅಲ್ಲಿಗೇ ಹೋದೆ. "ನಾವಿಬ್ರೇ ಆಡಿ ನೋಡೋಣ ಬಾರೇ. ನಾನು ಮಂತ್ರವಾದಿ ಆಗ್ತೀನಿ, ನೀನು ಕಟ್ಟಾಳು," ಎಂದಿದ್ದಳು. ನಿಯಮಗಳನ್ನು ಮೊದಲಿನ ಹಾಗೇ ಇಟ್ಟುಕೊಂಡೆವು. ಅದೇ ಗವಿ, ಅದೇ ರಕ್ಕಸರು. ಒಂದು ಬಾಟಲಿ ನೀರು ಮುಂದಿಟ್ಟುಕೊಂಡು ಒಂದೇ ಉಸಿರಿಗೆ ಆಡಿದೆವು.

ಸರಿಸಮ ಬಂತು! ಮೊದಲ ಎರಡು ಬಾಗಿಲು ಅವಳದು, ಮುಂದಿನ ಎರಡು ನನ್ನದು. ಕೊನೆಯಲ್ಲಿ ಅವಳ ಮಂತ್ರವಾದಿ ನನ್ನ ಗುರಾಣಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಇನ್ನೊಮ್ಮೆ ಆಡಿದೆವು. ಮತ್ತೆ ಹಾಗೇ.

ಅಂದರೆ ನಾನು ಬರೆದದ್ದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಉತ್ತರಹಳ್ಳಿಯಲ್ಲಿ. ಅಲ್ಲಿ ರಕ್ಕಸರನ್ನು ಬಿಡುವವನು ಯಾರು? ದೀಪಕ್. ದೀಪಕ್ ಯಾರ ಜೊತೆ ಬೆಂಚಿನಲ್ಲಿ ಕೂತು ಓದಿದವನು? ನಚಿಕೇತನ ಜೊತೆ.

ಈಗ ಗೊತ್ತಾಯಿತು.

ಜುಲೈ 20, ಭಾನುವಾರ

ಜಗಳವಾಯಿತು. ಆಗಲಿ.

ಮತ್ತೆ ಅದೇ ಕಥೆ. ಬೆಳಿಗ್ಗೆಯೆಲ್ಲ ಬೆಂಕಿ, ಮಿಂಚು, ಹಾರಾಟ. ನನ್ನ ಕತ್ತಿ ಒರೆಯಿಂದ ಹೊರಗೆ ಬರಲಿಲ್ಲ. ಊಟಕ್ಕೆ ಕರೆ ಬರುವ ಹೊತ್ತಿಗೆ ನನಗೆ ತಲೆ ಗಿಮ್ಮೆನ್ನುತ್ತಿತ್ತು.

"ದೀಪಕ್, ಬೇಕಂತ್ಲೇ ಅವನನ್ನ ಗೆಲ್ಲಿಸ್ತಿದ್ದೀಯ ನೀನು," ಎಂದೆ. "ಬಿಂದು ಮನೇಲಿ ಇದೇ ರೂಲ್ಸಲ್ಲಿ ಸಮ ಬರತ್ತೆ, ನಿನ್ನ ಮುಂದೆ ಮಾತ್ರ ಬರಲ್ಲ. ಹೆಂಗೆ?"

ದೀಪಕ್ ಮುಖ ಕೆಂಪಾಯಿತು. "ನಮ್ಮನೇಲೇ ಕೂತ್ಕೊಂಡು ನನ್ನೇ ಮೋಸಗಾರ ಅಂತೀಯಾ? ಒಂದೊಂದು ದಾಳಾನೂ ನಿನ್ನ ಕಣ್ಮುಂದೆನೇ ಹಾಕಿದ್ದೀನಿ."

"ನಂಗ್ಯಾವತ್ತೂ ದಾಳಾನೇ ಸಿಕ್ಕಿಲ್ಲ!"

ನಚಿಕೇತ ಸಮಾಧಾನ ಮಾಡಲು ಬಂದ. "ಬಿಡು ಇಂಚರ, ಇದೊಂದು ಆಟ ತಾನೆ?"

ಇಡೀ ಬೆಂಗಳೂರಿನಲ್ಲಿ ಆ ಮಾತು ಆಡಬಾರದಿದ್ದದ್ದು ಒಬ್ಬಳ ಮುಂದೆ. ನನ್ನ ಹಾಳೆಗಳನ್ನು ಎತ್ತಿಕೊಂಡು ದಡದಡ ಇಳಿದೆ. ಕೆಳಗೆ ನಾರಾಯಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಸುಮ್ಮನೆ ಜೋತುಬಿದ್ದಿತ್ತು. "ಉಣ್ಣದೇ ಹೊಂಟ್ಯಾ ಮಗ? ನಿಂಗೇಂತ ಕೋಳಿ ಕಾಲು ತೆಗ್ದಿಟ್ಟಿವ್ನಿ."

"ಹಸಿವಿಲ್ಲ ಆಂಟಿ," ಎಂದೆ. ತಿರುಗಿಯೂ ನೋಡದೆ ಎಂದೆ.

ಸ್ಕೂಟರು ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತಾಗ ಹೊಟ್ಟೆ ಗುರ್ ಎಂದಿತು. ಅದರ ಮೇಲೂ ಕೋಪ ಬಂತು.

ಜುಲೈ 22, ಮಂಗಳವಾರ

ಯಾರ ಫೋನೂ ಎತ್ತುವುದಿಲ್ಲ.

ಜುಲೈ 27, ಭಾನುವಾರ

ಹೋಗಲಿಲ್ಲ. ಬಟ್ಟೆ ಒಗೆದೆ. ಶೂ ತೊಳೆದೆ. ಹೋಟೆಲಿನಲ್ಲಿ ಊಟ ಮಾಡಿದೆ. ಮುದ್ದೆ ರಬ್ಬರಿನಂತಿತ್ತು, ಸಾರಿನಲ್ಲಿ ಸೋಡಾ ವಾಸನೆ. ಬಾಯಲ್ಲಿಟ್ಟರೆ ಒಳಗಿಳಿಯಲಿಲ್ಲ. ಕೌಂಟರಿನವನ ಜೊತೆ ಜಗಳ ಕಾದು ಬಂದೆ.

ಆಗಸ್ಟ್ 3, ಭಾನುವಾರ

ಉದ್ದ ಬರೆಯಬೇಕು ಇವತ್ತು.

ಬಿಂದು ಬೆಳಿಗ್ಗೆಯೇ ಮನೆಗೆ ಬಂದು ಎಳೆದುಕೊಂಡು ಹೋದಳು. "ಕೊನೇ ಸಲ ಒಂದಿನ ಆಡೋಣ. ತೆಗೆಯೋದಾದ್ರೆ ನಿನ್ನ ಎದುರಿಗೇ ತೆಗೀಲಿ," ಎಂದಳು. ಹೋದೆ. ಯಾರೂ ಹಳೆಯ ಜಗಳ ಎತ್ತಲಿಲ್ಲ. ದೀಪಕ್ ನನ್ನ ಮುಖ ನೋಡದೆ ಹೇಳಿದ, "ಅಮ್ಮಂಗೆ ಬಲಭುಜ ಹಿಡ್ಕೊಂಡಿದೆ. ಡಾಕ್ಟ್ರು ಕೈಗೆ ಪಟ್ಟಿ ಕಟ್ಟಿ ಮಲಗಿಸಿದ್ದಾರೆ. ಊಟ ಆಮೇಲೆ ಏನಾದ್ರೂ ತರಿಸ್ಕೊಳ್ಳೋಣ."

ಆಟ ಶುರುವಾಯಿತು. ಕಾಫಿ ಇಲ್ಲ, ಉಪ್ಪಿಟ್ಟು ಇಲ್ಲ. ಮೊದಲ ಬಾಗಿಲಲ್ಲಿ ಎಂದಿನಂತೆ ನಚಿಕೇತನ ಬೆಂಕಿ. ಎರಡನೆಯದರಲ್ಲಿ ಮಿಂಚು. ನಾನು ಗೋಡೆ ನೋಡುತ್ತಾ ಕೂತಿದ್ದೆ. ಮೂರನೆಯದರಲ್ಲಿ ಹೆಣಗಳ ದಂಡು ಎದ್ದು ಬಂತು. ಅವನ ಎರಡು ಮಂತ್ರ ಅಲ್ಲೇ ಹೋದವು. ಸೇತುವೆಯ ಹತ್ತಿರ ಇನ್ನೊಂದು ದಂಡು. ಇನ್ನೆರಡು ಹೋದವು. ದಂಡು ಮಾತ್ರ ಅರ್ಧದಷ್ಟೂ ಕರಗಿರಲಿಲ್ಲ.

ನಚಿಕೇತ ತನ್ನ ಹಾಳೆ ನೋಡಿದ. ಕನ್ನಡಕ ತೆಗೆದು ಒರೆಸಿದ. "ಸರಿ, ಈಗ ಬೆಳಗಾಗ್ಲಿ," ಎಂದ.

ದೀಪಕ್ ಪುಟ ತಿರುಗಿಸುತ್ತಲೇ ಅಂದ, "ಎಲ್ಲಿ ಬೆಳಗಾಗತ್ತೋ, ಇನ್ನೂ ಊಟಾನೇ ಆಗಿಲ್ವಲ್ಲ."

ಆ ಮಾತು ಅವನ ಬಾಯಿಂದ ಬಿದ್ದ ಮೇಲೆ ನನಗೆ ಎಲ್ಲ ಹೊಳೆಯಿತು.

ಶುರುವಿನ ದಿನಗಳಲ್ಲಿ ಊಟ ಮುಗಿಸಿ ಬಂದರೆ ಯಾರು ಎಲ್ಲಿ ನಿಂತಿದ್ದೆವೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಅದಕ್ಕೆ ದೀಪಕ್, "ಬೆಳಗಾಯ್ತು, ಎಲ್ರೂ ಎದ್ರಿ" ಎಂದು ಕಥೆ ಮುಂದುವರಿಸುತ್ತಿದ್ದ. ಅದೇ ರೂಢಿಯಾಯಿತು. ಕಾಫಿಯಾದರೂ ಬೆಳಗು, ಊಟವಾದರೂ ಬೆಳಗು, ಟೀ ಆದರೂ ಬೆಳಗು. ಪ್ರತಿ ಬೆಳಗಿಗೂ ನಚಿಕೇತನ ಆರು ಮಂತ್ರ ಮತ್ತೆ ಭರ್ತಿ. ಒಂದು ಬಾಗಿಲಿಗೆ ಒಂದು ದಿನ ಸಿಕ್ಕರೆ ಯಾರ ಮಂತ್ರ ತಾನೇ ಖಾಲಿಯಾಗುತ್ತದೆ? ಸುಸ್ತಾಗದ ಕಟ್ಟಾಳಿಗೆ ಬೆಲೆ ಬರುವುದು ಉಳಿದವರು ಸುಸ್ತಾದಾಗ. ನಾವು ಯಾರನ್ನೂ ಸುಸ್ತಾಗಲು ಬಿಟ್ಟೇ ಇರಲಿಲ್ಲ. ಬಿಂದು ಮನೆಯಲ್ಲಿ ಊಟವಿರಲಿಲ್ಲ, ಅದಕ್ಕೇ ಸಮ ಬಂದಿತ್ತು. ಹೊರಗಿನ ಗುಂಪುಗಳೂ ನಮ್ಮನ್ನು ನೋಡಿಯೇ ಕಲಿತವು. ಇದು ನನ್ನ ಕಣ್ಣಿಗೂ ಬೀಳಲಿಲ್ಲ, ಎರಡೆರಡು ಮುದ್ದೆ ನುಂಗುವುದರಲ್ಲೇ ಇದ್ದೆ!

"ಆಡು," ಎಂದ ದೀಪಕ್. ಸೇತುವೆಯ ಬಾಯಲ್ಲಿ ನಾನು ನಿಂತೆ. ನಚಿಕೇತ ನನ್ನ ಬೆನ್ನ ಹಿಂದೆ. ಹೊಡೆದೆ, ಹೊಡೆದೆ, ಕೈ ನೋಯುವಷ್ಟು ದಾಳ ಹಾಕಿದೆ. ಬಿಂದು ಮೇಜು ಕುಟ್ಟುತ್ತಿದ್ದಳು. ಕೊನೆಯ ಹೆಣ ಹೊಳೆಗೆ ಬಿದ್ದಾಗ ನಚಿಕೇತನೇ ಎದ್ದು ಕೈ ಕುಲುಕಿದ. "ಸಖತ್," ಎಂದ. ಆ ಮಾತಿಗೆ ಎಷ್ಟು ವಾರ ಕಾದಿದ್ದೆ!

ಕುಣಿಯುತ್ತಾ ನೀರು ಕುಡಿಯಲು ಕೆಳಗಿಳಿದೆ. ಅಡುಗೆಮನೆಯಲ್ಲಿ ನಾರಾಯಣಮ್ಮ. ಬಲಗೈ ಪಟ್ಟಿಯಲ್ಲಿ ಕೊರಳಿಗೆ ತೂಗಿತ್ತು. ಎಡಗೈಯೊಂದರಲ್ಲೇ ದೊಡ್ಡ ಕುಕ್ಕರನ್ನು ಅಟ್ಟದಿಂದ ಎಳೆಯುತ್ತಿದ್ದರು.

"ಆಂಟಿ!" ಎಂದು ಕಿರುಚಿದೆ. ಗ್ರೌಂಡಿನಲ್ಲಿ ಕಿರುಚುವ ಹಾಗೆ.

"ಯಾಕವ್ವ ಹಂಗ್ ಕೂಕ್ಕತೀಯ? ಹೊತ್ತು ಎಷ್ಟಾಯ್ತು ನೋಡು. ಹಸ್ಕಂಡು ಕೂತಿದೀರಲ್ಲ, ಒಂದಿಷ್ಟು ಅನ್ನ ಇಡಾನಾಂತ."

ಕುಕ್ಕರ್ ಕಿತ್ತುಕೊಂಡೆ. ಕೂರಿಸಿ ಭುಜ ಮುಟ್ಟಿ ನೋಡಿದೆ. ಕಲ್ಲು. ಎಂದಿನಿಂದ ನೋವು ಎಂದು ಕೇಳಿದೆ. "ಯುಗಾದಿ ಹಿಂದ್ಗಡೆಯಿಂದ ಇತ್ತು ಕಣಮ್ಮ. ಐದಾರು ಜನಕ್ಕೆ ಮುದ್ದೆ ಹಿಟ್ಟು ತೊಳಸೋವಾಗ ಎಳ್ಕತಿತ್ತು. ಎಡಗೈಲೇ ಬಡಿಸ್ತಿದ್ನಲ್ಲ, ನೀವೆಲ್ಲ ಏನಂದ್ಕತೀರೋ ಅಂತ ಸಂಕಟ ಆಗ್ತಿತ್ತು."

ಮೈದಾನದ ಆ ತುದಿಯಲ್ಲಿ ಯಾವ ಹುಡುಗಿಯಾದರೂ ಒಂದು ಹೆಜ್ಜೆ ಕುಂಟಿದರೆ ಈ ತುದಿಯಿಂದ ಸೀಟಿ ಊದುವವಳು ನಾನು. ಒಂದು ಅಡಿ ದೂರದಲ್ಲಿ ಸಾರು ಬಡಿಸುತ್ತಿದ್ದ ಕೈ ನನಗೆ ಕಾಣಲಿಲ್ಲ. ಯಾರನ್ನು ಬೈಯಬೇಕೋ ಗೊತ್ತಾಗದೆ ಮೇಲಕ್ಕೆ ಮುಖ ಮಾಡಿ ಮೂವರನ್ನೂ ಬೈದೆ. ಓಡಿ ಬಂದರು. ನಾನೇ ಅನ್ನ, ಸಾರು ಮಾಡಿದೆ. ಸಾರಿಗೆ ಉಪ್ಪು ಜಾಸ್ತಿಯಾಯಿತು. ಎಲ್ಲರೂ ತಟ್ಟೆ ಖಾಲಿ ಮಾಡಿದರು.

ಆಗಸ್ಟ್ 6, ಬುಧವಾರ

ಶಾಲೆ ಮುಗಿಸಿ ಉತ್ತರಹಳ್ಳಿಗೆ ಹೋಗಿ ಬಂದೆ. ಭುಜಕ್ಕೆ ಮಾಡುವ ವ್ಯಾಯಾಮ ಹೇಳಿಕೊಟ್ಟೆ. ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಾಡಿಸಬೇಕು. "ಇದೇನು ಆಟಾನಾ?" ಎಂದು ನಕ್ಕರು ನಾರಾಯಣಮ್ಮ. ಹೌದು ಆಂಟಿ ಎಂದೆ. ನಾಳೆಯೂ ಹೋಗಬೇಕು, ಮಾಡದೆ ಕಳ್ಳಾಟ ಆಡುವ ಹೆಂಗಸು.

ಆಗಸ್ಟ್ 10, ಭಾನುವಾರ

ಇಷ್ಟು ಕೋಪ ಈ ವರ್ಷ ಬಂದೇ ಇರಲಿಲ್ಲ.

ಇನ್ನು ಮುಂದೆ ಊಟವಾದರೆ ಬೆಳಗಾಗುವುದಿಲ್ಲ ಎಂದು ದೀಪಕ್ ಒಪ್ಪಿದ. ಹಾಗಾದರೆ ಗವಿಯೊಳಗೆ ರಾತ್ರಿ ಹೇಗೆ? ಬಿಂದು ಹೇಳಿದಳು, "ಸುಮ್ನೆ ಮಲ್ಗಿದ್ರೆ ರಕ್ಕಸ್ರು ಬಿಡ್ತಾರಾ? ಒಬ್ರು ಕಾವಲು ಕೂರ್ಬೇಕು. ಒಬ್ರು ಒಲೆ ಹಚ್ಬೇಕು. ಮಲ್ಗಿದೋರಿಗೆ ಮಾತ್ರ ಶಕ್ತಿ ವಾಪಸ್ ಬರ್ಲಿ." ಎಲ್ಲರೂ ಭೇಷ್ ಎಂದೆವು.

"ಹಂಗಾದ್ರೆ ಸುಲಭ," ಎಂದ ನಚಿಕೇತ. "ಕಾವಲು, ಒಲೆ ಎರಡೂ ಕಟ್ಟಾಳೇ ನೋಡ್ಕೊಳ್ಲಿ. ಅವ್ಳಿಗೆ ಸುಸ್ತೇ ಆಗಲ್ಲ ಅಂತ ನೀನೇ ಬರ್ದಿದ್ದೀಯಲ್ಲ."

ಹಾಳೆ ತಿರುವಿ ನೋಡಿದೆ. ಅವನು ಹೇಳಿದ್ದು ಸರಿ. ನನ್ನದೇ ಪುಟ, ನನ್ನದೇ ಮೊದಲ ಸಾಲು.

ಆಗಲೇ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಾರಾಯಣಮ್ಮನವರ ಎಡಗೈಯಲ್ಲಿ ಫ್ಲಾಸ್ಕು, ಹಲ್ಲಿನಲ್ಲಿ ಕಚ್ಚಿಕೊಂಡ ಬಿಸ್ಕೆಟ್ ಕವರು. ಯಾರೂ ಕರೆದಿರಲಿಲ್ಲ. ದೀಪಕ್ ತಲೆ ಎತ್ತದೆಯೇ, "ಅಲ್ಲೇ ಇಡಮ್ಮ" ಎಂದ.

ನನಗೆ ಏನಾಯಿತೋ! "ಎದ್ದು ಇಸ್ಕೊಳ್ಳೋ, ಎಮ್ಮೆ!" ಎಂದು ಅವನ ಕುರ್ಚಿಗೆ ಒದ್ದೆ. ಬೀಗ ಹಾಕಿರದ ಬಾಗಿಲಿಗಿಂತ ಜೋರಾಗಿಯೇ ಒದ್ದೆ. ಆಮೇಲೆ ಪೆನ್ನು ತೆಗೆದು ನನ್ನ ಪುಟದ ಮೊದಲ ಸಾಲನ್ನು ಹಾಳೆ ಹರಿಯುವ ಹಾಗೆ ಗೀಚಿ ಹಾಕಿದೆ.

"ಅದನ್ನ ತೆಗೆದ್ರೆ ಕಟ್ಟಾಳಿಗೆ ಉಳಿಯೋದೇನು?" ಎಂದ ನಚಿಕೇತ. ಅಣಕವಲ್ಲ, ನಿಜವಾಗಿಯೇ ಕೇಳಿದ. "ಅವಳ ಹತ್ರ ಇದ್ದಿದ್ದೇ ಅದೊಂದು."

"ಗೊತ್ತಿಲ್ಲ. ಆದ್ರೆ ಆ ಸಾಲು ಸುಳ್ಳು."

ದೀಪಕ್ ಫ್ಲಾಸ್ಕು ಹಿಡಿದು ನಿಂತೇ ಇದ್ದ. "ಮುಂದಿನ ಭಾನುವಾರ ಕೊನೆ," ಎಂದ. "ಆ ಜಾಗಕ್ಕೆ ಬೇರೆ ಏನಾದ್ರೂ ತಂದ್ರೆ ಕಟ್ಟಾಳು ಇರ್ತಾಳೆ. ಇಲ್ಲಾಂದ್ರೆ ಇಲ್ಲ."

ಆಗಸ್ಟ್ 13, ಬುಧವಾರ

ಸ್ವಾತಂತ್ರ್ಯ ದಿನದ ಪೆರೇಡ್ ಹತ್ತಿರ ಬಂತಲ್ಲ, ಈಗ ಎಲ್ಲರಿಗೂ ಪಿಟಿ ಮೇಡಂ ಬೇಕು. ಹುಡುಗಿಯರನ್ನು ಬಿಸಿಲಲ್ಲಿ ಇನ್ನೊಂದು ಗಂಟೆ ನಿಲ್ಲಿಸಿ ಎಂದರು ಹೆಡ್‌ಮೇಡಂ. ಆಗುವುದಿಲ್ಲ, ಅವರಿಗೂ ಸುಸ್ತಾಗುತ್ತದೆ ಎಂದೆ. ಸುಮೇಧ ಮೇಡಂ ಒಂಬತ್ತನೇ ಕ್ಲಾಸಿನ ಪೀರಿಯಡ್ ಕೇಳಿದರು. ಕೊಡುವುದಿಲ್ಲ ಎಂದೆ. ಹೋದರು.

ಮನೆಗೆ ಬಂದು ನಾಲ್ಕು ಸಾಲು ಬರೆದೆ. 'ಕಟ್ಟಾಳಿಗೂ ಸುಸ್ತಾಗುತ್ತದೆ, ಅವಳು ಹೇಳಿಕೊಳ್ಳುವುದಿಲ್ಲ. ರಾತ್ರಿ ನಿದ್ದೆಗೆಟ್ಟರೆ ಮರುದಿನ ಅವಳ ಏಟು ಅರ್ಧ. ನಿದ್ದೆ ಮಾಡಿದ ಕಟ್ಟಾಳನ್ನು ತಡೆಯುವ ರಕ್ಕಸ ಈ ಸೀಮೆಯಲ್ಲಿಲ್ಲ. ಯಾರು ಮಲಗಬೇಕು, ಯಾರು ಎಚ್ಚರವಿರಬೇಕು ಎಂಬುದನ್ನು ಪ್ರತಿ ರಾತ್ರಿ ಎಲ್ಲರೂ ಕೂತು ತೀರ್ಮಾನಿಸತಕ್ಕದ್ದು.'

ನಾರಾಯಣಮ್ಮನವರ ಕೈ ಈಗ ಎದೆಯ ಮಟ್ಟಕ್ಕೆ ಏಳುತ್ತದೆ.

ಆಗಸ್ಟ್ 17, ಭಾನುವಾರ

ಆ ಸಾಲುಗಳನ್ನು ನಚಿಕೇತ ಎರಡು ಸಲ ಓದಿದ. "ಅಂದ್ರೆ ದಿನಾ ನಾನೇ ಮಲಗಿದ್ರೆ ಇವ್ಳ ಏಟು ಅರ್ಧ ಆಗತ್ತೆ. ಇವ್ಳು ಮಲಗಿದ್ರೆ ನಂಗೆ ಮಂತ್ರ ಇಲ್ಲ," ಎಂದು ಲೆಕ್ಕ ಹಾಕಿದ. "ಥೂ, ಸಖತ್ ಕಷ್ಟ ಕಣೇ," ಎಂದ. ಖುಷಿಯಾಗಿಯೇ ಎಂದ.

ಆಡಿ ನೋಡಲು ಇನ್ನೇನು ಕೂರಬೇಕು, ನಾರಾಯಣಮ್ಮ ಮೇಲೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ನಾನೇ ಹಾಗೆ ಬರಲು ಹೇಳಿದ್ದೆ. ಕುರ್ಚಿ ಎಳೆದು ಕೂರಿಸಿದೆ.

"ಆಂಟಿ, ನೀವೂ ಒಂದು ಪಾತ್ರ ತಗೊಳ್ಳಿ." ನನ್ನ ಹಾಳೆಯನ್ನೇ ಅವರ ಮುಂದೆ ತಳ್ಳಿದೆ. ಕತ್ತಿ, ಗುರಾಣಿ, ಕಸುವು. ಅವರಲ್ಲದೆ ಇನ್ಯಾರು ಕಟ್ಟಾಳು?

ಅವರು ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಕೆಳಗಿಟ್ಟರು. "ಇದು ಬ್ಯಾಡ ಕಣಮ್ಮ. ನಂಗೆ ಆ ಮಂತ್ರದೋನೇ ಇರ್ಲಿ. ಮಲ್ಗೆದ್ರೆ ಹೋದ ಶಕ್ತಿಯೆಲ್ಲಾ ವಾಪಸ್ ಬರ್ತದಂತಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನನ್ನ ಹಾಳೆ ವಾಪಸ್ ಎಳೆದುಕೊಂಡೆ. ನಚಿಕೇತ ತನ್ನ ಹಾಳೆ ಎತ್ತಿ ಅವರ ಮುಂದಿಟ್ಟ.

ಮೊದಲ ಬಾಗಿಲಲ್ಲೇ ಆರೂ ಮಂತ್ರಗಳನ್ನು ಒಂದರ ಹಿಂದೊಂದು ಹೇಳಿ ಮುಗಿಸಿದರು ನಾರಾಯಣಮ್ಮ. ಸುಟ್ಟಿದ್ದನ್ನೇ ಇನ್ನೊಂದು ಸಲ ಸುಟ್ಟರು. ಬಿಂದು ಬಿದ್ದು ಬಿದ್ದು ನಕ್ಕಳು. ಹಾಂ, ಬರೆಯಲು ಮರೆತೆ, ಕಟ್ಟಾಳಿನ ಪುಟಗಳು ಪುಸ್ತಕದಲ್ಲಿ ಉಳಿದವು. ದೀಪಕ್ ನಡುವೆ ಯಾವಾಗಲೋ ಹೇಳಿದ.

"ರಾತ್ರಿ ಆಯ್ತು," ಎಂದ ದೀಪಕ್. "ಮಲ್ಗೋರು ಯಾರು?"

"ನಾನು," ಎಂದರು ನಾರಾಯಣಮ್ಮ, ಮಾತು ಮುಗಿಯುವ ಮೊದಲೇ.

"ಕಾವಲು?"

"ನಾನು," ಎಂದೆ.

"ಒಲೆ?"

ಪಾತ್ರವಿಲ್ಲದೆ ಕೂತಿದ್ದ ನಚಿಕೇತ ನನ್ನನ್ನು ನೋಡಿದ, ಮೆಟ್ಟಿಲು ನೋಡಿದ. ಎದ್ದು ನಿಜವಾಗಿಯೇ ಕೆಳಗೆ ಹೋದ. ಮುದ್ದೆ ತಿರುವುವ ಹಿಟ್ಟಿನ ಕೋಲು ಎಲ್ಲಿದೆ ಎಂದು ಅಲ್ಲಿಂದಲೇ ಕೂಗಿದ. ಬಿಂದು ಹೋಗಿ ತೋರಿಸಿದಳು.

ನಾರಾಯಣಮ್ಮ ಆಟಕ್ಕೆಂದು ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿಗೆ ತಲೆ ಪಕ್ಕಕ್ಕೆ ವಾಲಿತು, ಬಾಯಿ ಕೊಂಚ ತೆರೆಯಿತು. ಪಟ್ಟಿಯಲ್ಲಿದ್ದ ಕೈ ಸಡಿಲಾಯಿತು. ನಾನು ಫ್ಯಾನಿನ ಜೋರು ಕಡಿಮೆ ಮಾಡಿ ಪಕ್ಕದಲ್ಲೇ ಕೂತೆ.

ಎಷ್ಟು ಹೊತ್ತಾಯಿತೋ, ಕೆಳಗಿನಿಂದ ನಚಿಕೇತನ ದನಿ ಬಂತು, "ಏಳ್ರಪ್ಪಾ, ಮುದ್ದೆ ರೆಡಿ!"

ದೀಪಕ್ ಅಭ್ಯಾಸಬಲದಿಂದ ಬಾಯಿ ತೆರೆದ. "ಬೆಳಗಾ..."

ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. "ಬಾಯ್ಮುಚ್ಚು," ಎಂದು ಪಿಸುಗುಟ್ಟಿದೆ. "ಇನ್ನೂ ಬೆಳಗಾಗಿಲ್ಲ."

ಕೆಳಗೆ ಮುದ್ದೆ ಆರುತ್ತಿತ್ತು. ಆರಲಿ.